ಮಣ್ಣಿನ ಮೂಗು, ರೇಷ್ಮೆಯ ಸಿಲಿಯಾ: ಆರು ವಾರಗಳ ಕೆಲಸ

ಶಿಡ್ಲಘಟ್ಟದ ನಮ್ಮ ಮನೆಯ ಹಿತ್ತಿಲ ಜಗಲಿಯ ಮೇಲೆ ಅರ್ಧ ತಲೆಯೊಂದು ಕುಳಿತಿದೆ. ಹಣೆಯಿಂದ ಕತ್ತಿನವರೆಗೆ ನಟ್ಟನಡುವೆ ಸೀಳಿದಂತೆ, ನಿಜ ಗಾತ್ರದ ಎರಡರಷ್ಟು. ಮೂಗಿನಿಂದ ಧ್ವನಿಪೆಟ್ಟಿಗೆಯವರೆಗಿನ ಗಾಳಿಯ ದಾರಿಯನ್ನು ನಮ್ಮ ಬೀದಿಯ ಮಕ್ಕಳು ಬೆರಳಿಟ್ಟು ಮುಟ್ಟಿ ತಿಳಿಯಬೇಕೆಂಬುದು ನನ್ನ ಆಸೆ. ಪಠ್ಯಪುಸ್ತಕದ ಚಿತ್ರದಲ್ಲಿ ಮೂಗು ಖಾಲಿ ಕೊಳವೆಯಂತಿರುತ್ತದೆ. ಒಳಗೆ ನಡೆಯುವ ದುಡಿಮೆ ಅದರಲ್ಲಿ ಕಾಣುವುದೇ ಇಲ್ಲ.

ಒಂದು, ಎರಡನೇ ವಾರ

ಕೆರೆಯ ಜೇಡಿಮಣ್ಣಿಗೆ ನೆನೆಸಿ ರುಬ್ಬಿದ ಹಳೆಯ ಪತ್ರಿಕೆ ಬೆರೆಸಿದೆ. ಹೊರಮೈ ಬೇಗ ಮುಗಿಯಿತು. ಮೂಗಿನ ನಡುಗೋಡೆಯನ್ನು ಬೇಕೆಂದೇ ಕೈಬಿಟ್ಟೆ. ಅದಿದ್ದರೆ ಪಕ್ಕದ ಗೋಡೆ ಮರೆಯಾಗುತ್ತದೆ. ನೋಡಬೇಕಾದದ್ದೆಲ್ಲ ಇರುವುದು ಆ ಗೋಡೆಯಲ್ಲಿಯೇ.

ಮೂರನೇ ವಾರ

ಆ ಗೋಡೆಯಿಂದ ಚಾಚಿ ಕೆಳಕ್ಕೆ ಸುರುಳಿಯಾದ ಮೂರು ಮಡಿಕೆಗಳೇ ಟರ್ಬಿನೇಟ್‌ಗಳು. ಕೆಳಗಿನದು ಎಲ್ಲಕ್ಕಿಂತ ದೊಡ್ಡದು, ಅದೇ ಒಂದು ಪ್ರತ್ಯೇಕ ಮೂಳೆ. ಮೊದಲು ಮಾಡಿದವನ್ನು ಬಿಸಿಲಿಗಿಟ್ಟೆ. ಮೂರೂ ಬುಡದಲ್ಲೇ ಬಿರುಕುಬಿಟ್ಟವು. ಮತ್ತೆ ಮಾಡಿದಾಗ ಒಳಗೆ ತಂತಿಬಲೆ ಕೊಟ್ಟು, ಒದ್ದೆ ಗೋಣಿಚೀಲ ಹೊದಿಸಿ, ಐದು ದಿನ ನೆರಳಿನಲ್ಲಿ ಒಣಗಿಸಿದೆ. ನಿಂತವು. ಇವುಗಳ ಲೋಳೆಪೊರೆಯ ತುಂಬ ರಕ್ತನಾಳಗಳಿರುವುದರಿಂದ ಕಡುಗೆಂಪು ಬಣ್ಣ ಬಳಿದೆ. ಡಿಸೆಂಬರಿನ ಮುಂಜಾನೆ ನಂದಿಬೆಟ್ಟದ ಕಡೆಯಿಂದ ಬೀಸುವ ಚಳಿಗಾಳಿಯೂ ಈ ಸಂದಿಗಳಲ್ಲಿ ನುಸುಳಿ ಗಂಟಲು ಮುಟ್ಟುವಷ್ಟರಲ್ಲಿ ಬೆಚ್ಚಗಾಗಿ ತೇವಗೊಂಡಿರುತ್ತದೆ.

ಕೆಳಗಿನ ಮಡಿಕೆಯಡಿ ಕಣ್ಣೀರಿನ ನಾಳದ ಬಾಯಿ ಕೊರೆದೆ. ಅತ್ತಾಗ ಮೂಗು ಸೋರುವುದು ಇದರಿಂದಲೇ. ನಡುವಿನದರ ಅಡಿಯಲ್ಲಿ ಕೆನ್ನೆಯ ಸೈನಸ್‌ನ, ಅಂದರೆ ಕೆನ್ನೆಯ ಮೂಳೆಯೊಳಗಿನ ಗಾಳಿಗೂಡಿನ, ಬಾಯಿ. ಅದರ ಜಾಗ ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿತು. ತಳದಲ್ಲಿರಬೇಕಾಗಿತ್ತೆಂದು ಯಾರಿಗಾದರೂ ಅನ್ನಿಸುತ್ತದೆ, ಆದರೆ ಅದಿರುವುದು ಮೇಲೆ, ಕೊಡದ ಕತ್ತಿಗೆ ತೂತು ಕೊರೆದಂತೆ. ನಿಂತಿರುವ ಮನುಷ್ಯನಲ್ಲಿ ಅಲ್ಲಿನ ಲೋಳೆ ತಾನಾಗಿ ಹರಿದುಹೋಗಲಾರದು. ಅದನ್ನು ಮೇಲಕ್ಕೆ ಸಾಗಿಸಬೇಕು.

ನಾಲ್ಕು, ಐದನೇ ವಾರ

ಸಾಗಿಸುವುದು ಸಿಲಿಯಾ ಎಂಬ ಸೂಕ್ಷ್ಮ ರೋಮಗಳು. ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ, ಎಳೆಗೆ ಬರವಿಲ್ಲ. ಆದರೆ ಗೂಡಿನಿಂದ ಬಿಚ್ಚಿದ ಒಂಟಿ ಎಳೆ ಎಷ್ಟು ದಪ್ಪವೋ ಸಿಲಿಯಾ ಅಷ್ಟು ಉದ್ದವೂ ಇರುವುದಿಲ್ಲ. ಅಮ್ಮನಿಗೆ ಇದನ್ನು ಹೇಳಿದಾಗ ಅವರು ಎಳೆಯೊಂದನ್ನು ಬೆಳಕಿಗೆ ಹಿಡಿದು ಸುಮ್ಮನೆ ನೋಡುತ್ತಾ ನಿಂತರು.

ಹಾಗಾಗಿ ಸಿಲಿಯಾಕ್ಕೆ ಬೇರೆಯೇ ಹಲಗೆ. ಉದ್ದನೆಯ ಸ್ಪಂಜಿನ ಪಟ್ಟಿಗೆ ಸಾಲುಸಾಲಾಗಿ ರೇಷ್ಮೆಯ ಕುಚ್ಚು ನೆಟ್ಟು ಮೇಲೆ ರಾಗಿ ಕಾಳು ಚೆಲ್ಲಿದೆ. ಸ್ಪಂಜನ್ನು ಒಂದು ತುದಿಯಿಂದ ಒತ್ತುತ್ತಾ ಹೋದರೆ ಕುಚ್ಚುಗಳು ಗದ್ದೆಯ ಪೈರಿನಂತೆ ಸರದಿಯಲ್ಲಿ ಬಾಗುತ್ತವೆ, ಕಾಳು ಮುಂದೆ ಸರಿಯುತ್ತದೆ. ನಮ್ಮ ಮೂಗಿನಲ್ಲಿ ಇದು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಬಾರಿ ನಡೆಯುತ್ತದೆ. ದೂಳು ಹಿಡಿದ ಲೋಳೆ ನಿಮಿಷಕ್ಕೆ ಸುಮಾರು 5 ಮಿಲಿಮೀಟರ್ ಹಿಂದಕ್ಕೆ ಸರಿದು ಗಂಟಲಿಗಿಳಿಯುತ್ತದೆ, ನಾವು ಅರಿಯದೆಯೇ ನುಂಗುತ್ತೇವೆ.

ಆರನೇ ವಾರ

ಗಂಟಲಕುಳಿ ದೊಡ್ಡವರಲ್ಲಿ ಸುಮಾರು 12-13 ಸೆಂಟಿಮೀಟರ್, ನನ್ನ ಮಾದರಿಯಲ್ಲಿ 25. ಮೂಗಿನ ಹಿಂದೆ ಕಿವಿಯ ನಾಳದ ಬಾಯಿ ಗುರುತಿಸಿದೆ. ಮಕ್ಕಳಲ್ಲಿ ಈ ನಾಳ ಗಿಡ್ಡ, ಹೆಚ್ಚು ಅಡ್ಡವಾಗಿಯೂ ಇರುತ್ತದೆ. ನೆಗಡಿ ಅವರ ಕಿವಿಗೆ ಸುಲಭವಾಗಿ ತಗಲುವುದು ಅದಕ್ಕೇ. ಧ್ವನಿಪೆಟ್ಟಿಗೆಯ ಮೇಲಿನ ಎಪಿಗ್ಲಾಟಿಸನ್ನು ಸೈಕಲ್ ಟ್ಯೂಬಿನ ರಬ್ಬರಿನಲ್ಲಿ ಎಲೆಯಂತೆ ಕತ್ತರಿಸಿ ಅಂಟಿಸಿದೆ.

ಪಕ್ಕದ ಮನೆಯ ಹುಡುಗಿ ಬಂದು ಕೇಳಿದಳು: “ಅಕ್ಕಾ, ಅನ್ನ ನೆತ್ತಿಗೆ ಹತ್ತುವುದು ಇದರಲ್ಲಿ ಎಲ್ಲಿ?”

ಅಕ್ಕಿ ಕಾಳು ಅವಳ ಕೈಗೇ ಕೊಟ್ಟೆ. ಎಪಿಗ್ಲಾಟಿಸ್ ಎದ್ದು ನಿಂತಿದ್ದಾಗ ಹಾಕಿದಳು, ಕಾಳು ಧ್ವನಿಪೆಟ್ಟಿಗೆಗೆ ಬಿತ್ತು. ಬೆರಳಿನಿಂದ ಬಾಗಿಸಿ ಹಾಕಿದಳು, ಅನ್ನನಾಳಕ್ಕೆ ಜಾರಿತು. ನುಂಗುವಾಗ ಧ್ವನಿಪೆಟ್ಟಿಗೆ ಮೇಲೇಳುತ್ತದೆ, ಎಪಿಗ್ಲಾಟಿಸ್ ಬಾಗುತ್ತದೆ, ಧ್ವನಿತಂತುಗಳು ಮುಚ್ಚಿಕೊಳ್ಳುತ್ತವೆ. ಊಟದ ನಡುವೆ ನಕ್ಕರೆ ಈ ಹೊಂದಿಕೆ ತಪ್ಪಿ ಕೆಮ್ಮು ನುಗ್ಗುತ್ತದೆ. ಆ ರಭಸಕ್ಕೆ ಅಗುಳು ಕೆಲವೊಮ್ಮೆ ಮೆದು ಅಂಗುಳದ ಹಿಂದಿನಿಂದ ಮೂಗಿಗೇರಿ ಉರಿಯುತ್ತದೆ. ನೆತ್ತಿಗೆ ಹತ್ತಿತು ಎಂದ ನಮ್ಮ ಹಿರಿಯರು ಅದು ಮೇಲಕ್ಕೇರುವುದನ್ನು ಸರಿಯಾಗಿಯೇ ಗಮನಿಸಿದ್ದರು.

ಅವಳು ಕಾಳನ್ನು ಕೆಳಗಿನಿಂದ ಮೂಗಿನತ್ತ ತಳ್ಳಲು ನೋಡಿದಳು. ಮೆದು ಅಂಗುಳವನ್ನು ಗಟ್ಟಿ ಮಣ್ಣಿನಲ್ಲೇ ಮಾಡಿಬಿಟ್ಟಿದ್ದೇನೆ, ಅದು ಏಳುವುದೂ ಇಲ್ಲ, ಇಳಿಯುವುದೂ ಇಲ್ಲ. ಭಾನುವಾರ ಅಷ್ಟನ್ನು ಒಡೆದು ತೆಗೆದು ಅಲ್ಲಿಗೂ ರಬ್ಬರ್ ಹಾಕುತ್ತೇನೆ.