ಬೇರೆ ದೇಶಕ್ಕೆ ಹೋಗುವಾಗ ಯಾವ ಊರು?

ಸಂಬಳದ ಅಂಕಿ ನೋಡಿ ಊರು ಆರಿಸಬೇಡಿ. ತೆರಿಗೆ, ವಿಮೆ ಕಳೆದು ಕೈಗೆ ಬರುವ ಹಣದಲ್ಲಿ ಬಾಡಿಗೆಯೇ ಮೂರನೇ ಒಂದು ಭಾಗ ದಾಟಿದರೆ ತಿಂಗಳು ದೂಡುವುದು ಕಷ್ಟ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ನಿಮ್ಮ ಕೆಲಸಕ್ಕೆ ಅಲ್ಲಿ ಎಷ್ಟು ಕಂಪನಿಗಳಿವೆ ಎಂಬುದು. ವೀಸಾ ನೌಕರಿಯನ್ನೇ ನೆಚ್ಚಿಕೊಂಡಿದ್ದರೆ, ಕೆಲಸ ಹೋದಾಗ ಹೊಸದನ್ನು ಹುಡುಕಲು ಸಿಗುವ ಗಡುವು ಚಿಕ್ಕದು. ಅಮೆರಿಕದ ಎಚ್‌-1ಬಿ ಕೆಲಸದ ವೀಸಾಗೆ ಹೆಚ್ಚೆಂದರೆ 60 ದಿನ. ಒಂದೇ ದೊಡ್ಡ ಕಂಪನಿ ಇರುವ ಊರಿನಲ್ಲಿ ಅದು ಸಾಲದು, ಮಕ್ಕಳ ಶಾಲೆ ಬಿಡಿಸಿ ಇನ್ನೊಂದೆಡೆಗೆ ಓಡಬೇಕಾಗುತ್ತದೆ.

ಚಳಿಗೆ ಕೋಟು ಸಿಗುತ್ತದೆ, ಬೆಳಕು ಸಿಗದು: ಸ್ವೀಡನ್‌ನ ಸ್ಟಾಕ್‌ಹೋಮ್‌ನಲ್ಲಿ ಡಿಸೆಂಬರ್ ಕೊನೆಯಲ್ಲಿ ಹಗಲು ಸುಮಾರು 6 ಗಂಟೆ.

ವರ್ಷದ ಕರಾರಿಗೆ ಮೊದಲು ಒಂದು ತಿಂಗಳು ತಾತ್ಕಾಲಿಕ ಮನೆ ಹಿಡಿಯಿರಿ. ಸ್ಥಳೀಯ ಕಚೇರಿಯಲ್ಲಿ ವಿಳಾಸ ನೋಂದಣಿಗೆ, ನೀವು ಅಲ್ಲಿ ವಾಸವಿದ್ದೀರಿ ಎಂಬ ಪತ್ರವನ್ನು ಮಾಲೀಕರು ಕೊಡುತ್ತಾರೆಯೇ ಎಂದು ಮುಂಗಡ ಕಟ್ಟುವ ಮುನ್ನವೇ ಕೇಳಿ. ಜರ್ಮನಿಯಲ್ಲಿ ಆ ಪತ್ರವಿಲ್ಲದೆ ನೋಂದಣಿ ನಿಂತುಹೋಗುತ್ತದೆ, ತೆರಿಗೆ ಸಂಖ್ಯೆಯೂ ತಡವಾಗುತ್ತದೆ.