ಅರ್ಧ ಟ್ಯಾಂಕಿನ ಗುಟ್ಟು

ಬೆಳಿಗ್ಗೆ ಕಾರಿನ ಹತ್ತಿರ ಹೋದರೆ ಮತ್ತೆ ಪೆಟ್ರೋಲ್ ವಾಸನೆ. ಬಗ್ಗಿ ನೋಡಿದೆ, ನೆಲ ಒಣಗೇ ಇದೆ. ಪೆಟ್ರೋಲ್ ಅಲ್ವಾ, ಆಯಿಲ್ ಥರ ಕಲೆ ಬಿಡೋದಿಲ್ಲ, ಬಿದ್ದಷ್ಟೂ ಆರಿಹೋಗುತ್ತೆ.

1999ರ ಗಾಡಿ. ಅಪ್ಪ ಕೊಂಡಿದ್ದು. ಟ್ಯಾಂಕ್ ತೂತಾಗಿದೆ, ಬದಲಾಯಿಸಿಬಿಡಿ ಅಂತ ಒಬ್ಬರು ನೋಡದೇನೇ ಹೇಳಿದ್ದರು.

ನಮ್ಮ ಬೀದಿಯ ಮೆಕ್ಯಾನಿಕ್ ಮಾತ್ರ ಒಂದೇ ಪ್ರಶ್ನೆ ಕೇಳಿದರು.
"ವಾಸನೆ ಯಾವಾಗ್ಲೂ ಬರುತ್ತಾ ಸಾರ್, ಫುಲ್ ಮಾಡಿಸಿದಾಗ ಮಾತ್ರಾನಾ?"
ಹೌದಲ್ಲ! ಅರ್ಧಕ್ಕೆ ಇಳಿದ ಮೇಲೆ ವಾಸನೆಯೇ ಇರೋದಿಲ್ಲ.
"ಹಾಗಾದ್ರೆ ತಳ ಗಟ್ಟಿ ಇದೆ. ಮೇಲೆಲ್ಲೋ ಇದೆ ಕಳ್ಳ."

ಫುಲ್ ಮಾಡಿಸಿಕೊಂಡು ಬಂದೆ. ಗಾಡಿ ಕೆಳಗೆ ಮಲಗಿ ಎಲ್ಲಾ ಒರೆಸಿದರು. ಸೀಮೆಸುಣ್ಣ ಪುಡಿ ಮಾಡಿ ಟ್ಯಾಂಕಿನ ಅಂಚಿಗೆ, ಪೈಪಿನ ಕ್ಲಿಪ್ಪುಗಳಿಗೆ ಹಚ್ಚಿದರು. ಸುಮ್ನೆ ಕಾದೆವು. ಬೀಡಿ ಹಚ್ಚಲು ಹೊರಟ ಪಕ್ಕದಂಗಡಿಯವರಿಗೆ ಬೈಗುಳ ಬೇರೆ ಬಿತ್ತು.

ಹತ್ತು ನಿಮಿಷಕ್ಕೆ ಬಿಳಿ ಪುಡಿಯ ಮೇಲೆ ಒಂದು ಒದ್ದೆ ಗೆರೆ. ಕೂದಲೆಳೆಯಷ್ಟು. ಪೆಟ್ರೋಲ್ ಹಾಕುವ ಬಾಯಿಂದ ಟ್ಯಾಂಕಿಗೆ ಇಳಿಯುವ ರಬ್ಬರ್ ಪೈಪು. ಬಿಚ್ಚಿ ಬಗ್ಗಿಸಿದರೆ ಬೇಸಿಗೆಯ ಕೆರೆ ತಳದ ಹಾಗೆ ಬಿರುಕು ಬಿಟ್ಟಿದೆ.

ಪೈಪು ಹೊಸದಾಯ್ತು, ಟ್ಯಾಂಕ್ ಉಳೀತು.

ವಾಪಸ್ ಬರುವಾಗ ನೆನಪಾಯ್ತು. ಅಪ್ಪ ಯಾವತ್ತೂ ಫುಲ್ ಟ್ಯಾಂಕ್ ಮಾಡಿಸಿದವರಲ್ಲ. "ಐನೂರಕ್ಕೆ ಹಾಕಪ್ಪ, ಸಾಕು" ಅನ್ನೋರು. ಜಿಪುಣತನ ಅಂದುಕೊಂಡು ಎಷ್ಟು ಆಡಿಕೊಂಡಿದ್ದೆ.

ಗೊತ್ತಿತ್ತಾ ಅವರಿಗೆ? ಸಂಜೆ ಊರಿಗೆ ಫೋನ್ ಮಾಡಿ ಕೇಳಬೇಕು.