ಏಳು ತಿಂಗಳ ಮೇಲೆ ಬಂದ ಪ್ರಶ್ನೆ

18 ಜೂನ್ 2024, ಮಂಗಳವಾರ

"ಗಂಡ-ಹೆಂಡತಿ ಸಂಬಂಧ ಹೇಗಿದೆ?" ಇವತ್ತು ಡಾಕ್ಟ್ರು ಕೇಳಿದರು.

ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಏಳು ತಿಂಗಳಾಯ್ತು. ಮೂತ್ರ ಹೇಗೆ, ಮಲ ಹೇಗೆ, ಬೆನ್ನಲ್ಲಿ ಹುಣ್ಣಾಗಿದೆಯಾ, ಎಲ್ಲರೂ ಕೇಳಿದ್ದಾರೆ. ಇದನ್ನು ಯಾರೂ ಕೇಳಿರಲಿಲ್ಲ. ನಾನೂ ಬಾಯಿ ಬಿಟ್ಟಿರಲಿಲ್ಲ.

ಮೊದಲು ಐಐಇಎಫ್ ಅನ್ನೋ ಫಾರ್ಮ್ ಕೊಟ್ಟರು, ಗಂಡಸರ ನಿಮಿರುವಿಕೆ ಹೇಗಿದೆ ಅಂತ ಅಳೆಯೋದು. 15 ಪ್ರಶ್ನೆ, ಎಲ್ಲಾ ಹೋದ ನಾಲ್ಕು ವಾರದ್ದು. ನಾವು ಹತ್ತಿರವೇ ಹೋಗಿಲ್ಲ, ಹಾಗಾಗಿ ಸೊನ್ನೆಗಳೇ ಜಾಸ್ತಿ. ನೋಡಿ ಗಂಟಲು ಕಟ್ಟಿತು. ಡಾಕ್ಟ್ರು ಫಾರ್ಮ್ ಪಕ್ಕಕ್ಕಿಟ್ಟರು. "ಸೊನ್ನೆ ಅಂದ್ರೆ ನೀವು ಪ್ರಯತ್ನ ಮಾಡಿಲ್ಲ ಅಂತ ಅಷ್ಟೇ. ನಿಮ್ಮಿಂದ ಆಗಲ್ಲ ಅಂತ ಅಲ್ಲ."

ಆಮೇಲೆ ಪರದೆ ಎಳೆದು, ಏನೇನು ಮಾಡ್ತೀನಿ ಅಂತ ಹೇಳಿಯೇ ಪರೀಕ್ಷೆ ಮಾಡಿದರು. ಹತ್ತಿ, ಸೂಜಿಮೊನೆ. ಹೊಕ್ಕುಳಿಂದ ಕೆಳಗೆ ನನಗೇನೂ ತಿಳಿಯಲಿಲ್ಲ. ಗುದದ್ವಾರದಲ್ಲಿ ಬೆರಳಿಟ್ಟು "ಬಿಗಿ ಹಿಡೀರಿ" ಅಂದರು. ಆಗಲಿಲ್ಲ. ಆದರೆ ಶಿಶ್ನದ ತುದಿ ಒತ್ತಿದಾಗ ಅಲ್ಲಿನ ಸ್ನಾಯು ತಾನಾಗೇ ಬಿಗಿಯಾಯಿತಂತೆ. ಬೆನ್ನುಹುರಿಯ ಕೆಳತುದಿ, ಎಸ್2ರಿಂದ ಎಸ್4 ಅನ್ನುವ ಭಾಗ, ಕೆಲಸ ಮಾಡ್ತಿದೆ ಅಂದರು. ಮುಟ್ಟಿದಾಗ ನಿಮಿರುವುದು ಅಲ್ಲಿಂದ. ಮನಸ್ಸಿನಲ್ಲಿ ನೆನೆದಾಗ ನಿಮಿರುವ ದಾರಿ ಬೇರೆ, ಅದಕ್ಕಿಂತ ಮೇಲಿನ ಡಿ11ರಿಂದ ಎಲ್2 (ಡಿ ಅಂದ್ರೆ ಎದೆಯ ಹಿಂದಿನ ಭಾಗ, ಎಲ್ ಅಂದ್ರೆ ಸೊಂಟದ್ದು). ನನಗೆ ಪೆಟ್ಟು ಬಿದ್ದಿರುವುದು ಅದಕ್ಕೂ ಮೇಲೆ, ಡಿ10ರಲ್ಲಿ. ಮಿದುಳಿನ ಸುದ್ದಿ ಅದನ್ನು ದಾಟಿ ಕೆಳಗಿಳಿಯುವುದಿಲ್ಲ.

ಆಗ ಹೇಳಿಬಿಟ್ಟೆ. ಬೆಳಿಗ್ಗೆ ಮೂತ್ರದ ಟ್ಯೂಬ್ ಹಾಕಿಕೊಳ್ಳುವಾಗ ಕೆಲವು ಸಲ ನಿಮಿರುತ್ತದೆ. ಕಾಲು ಅದುರುವ ಹಾಗೆ ಇದೂ ಒಂದು ಕಾಯಿಲೆ ಅಂದುಕೊಂಡಿದ್ದೆ. ಇವಳು ನೋಡಬಾರದು ಅಂತ ಟವೆಲ್ ಮುಚ್ಚಿಕೊಳ್ಳುತ್ತಿದ್ದೆ.

ಎಷ್ಟು ಹೊತ್ತು ಇರುತ್ತೆ, ಸಾಕಷ್ಟು ಗಟ್ಟಿ ಇರುತ್ತಾ ಅಂತ ಕೇಳಿ ಬರೆದುಕೊಂಡರು. ಸಾಲದಿದ್ದರೆ ಸಿಲ್ಡೆನಾಫಿಲ್ ಮಾತ್ರೆ ಇದೆಯಂತೆ. ಎದೆನೋವಿಗೆ ನೈಟ್ರೇಟ್ ತಗೊಳ್ಳುವವರಿಗೆ ಅದು ಕೂಡದು. ವೀರ್ಯ ಬರುವುದು ಬೇರೆಯೇ ವಿಷಯ, ಅದಕ್ಕೆ ವೈಬ್ರೇಟರ್ ಇಟ್ಟು ನೋಡುತ್ತಾರೆ. ಡಿ6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಆಗ ಬಿಪಿ ಒಮ್ಮೆಲೇ ಏರಬಹುದು. ಅಂಥವರು ಮನೆಯಲ್ಲಿ ಸುಮ್ನೆ ಪ್ರಯೋಗ ಮಾಡಬೇಡಿ, ದಯವಿಟ್ಟು.

ರಾತ್ರಿ ಓದಿದೆ: 2004ರಲ್ಲಿ ಕಿಮ್ ಆಂಡರ್ಸನ್ ಅನ್ನುವ ಅಮೆರಿಕದ ಸಂಶೋಧಕಿ ನಮ್ಮಂಥ 681 ಜನರನ್ನು ಯಾವುದು ಮೊದಲು ವಾಪಸ್ ಬರಬೇಕು ಅಂತ ಕೇಳಿದ್ದರು. ಕಾಲು ಮಾತ್ರ ಹೋದವರಲ್ಲಿ ಅತಿ ಹೆಚ್ಚು ಜನ ಹೇಳಿದ್ದು ನಡಿಗೆಯಲ್ಲ, ಈ ಲೈಂಗಿಕ ಸಾಮರ್ಥ್ಯವನ್ನೇ. ನಾನೊಬ್ಬನೇ ಅಲ್ಲ ಅಲ್ವಾ.

ಬರುವಾಗ ಆಟೋದಲ್ಲಿ ಇವಳು ಮೆಲ್ಲಗೆ, "ಟವೆಲ್ ಯಾಕೆ ಅಂತ ನಂಗೆ ಗೊತ್ತಿತ್ತು ರೀ" ಅಂದಳು. ಸ್ವಲ್ಪ ದೂರ ಹೋದ ಮೇಲೆ, "ಮುಂದಿನ ಸಲ ಮಗು ವಿಷಯ ನಾನೇ ಕೇಳ್ತೀನಿ."